ನನ್ನ ಮುಖಾನೇ ನೋಡಿ, ಆಮೇಲೆ ಅಡ್ಡ ತಿರುಗಿಸಿದರು. ಕಾರಿನವರಿಗೆ ಬೈಕು ಕಾಣೋದೇ ಇಲ್ವಾ?

ಒಂಟಿದೀಪ:

ಎಲ್ಲರಿಗೂ ನಮಸ್ಕಾರ. ನಾನು ಗೇರಿಲ್ಲದ ಸ್ಕೂಟರಿನಿಂದ ಬೈಕಿಗೆ ಬಂದವಳು. ಕೆಲಸಕ್ಕೆ ಹೋಗಿಬರೋದು ಅದರಲ್ಲೇ. ಮೊನ್ನೆ ನಡೆದದ್ದು ತಲೆಯಿಂದ ಹೋಗ್ತಾ ಇಲ್ಲ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಸಿಗ್ನಲ್ ಇಲ್ಲದ ಕೂಡುರಸ್ತೆ. ನಾನು ನೇರ ಹೋಗಬೇಕು. ಎದುರುಗಡೆ ಒಂದು ಕಾರು, ನನ್ನ ದಾರಿಯನ್ನು ಅಡ್ಡ ದಾಟಿ ಪಕ್ಕದ ರಸ್ತೆಗೆ ತಿರುಗಬೇಕು ಅಂತ ಇಂಡಿಕೇಟರ್ ಹಾಕಿಕೊಂಡು ನಿಂತಿತ್ತು. ನನ್ನ ಮುಂದೆ ಒಂದು ವ್ಯಾನು, ಅದರ ಹಿಂದೆ ಸ್ವಲ್ಪ ಜಾಗ ಬಿಟ್ಟು ನಾನು. ಕಾರು ಓಡಿಸುತ್ತಿದ್ದವರು ನನ್ನ ಕಡೆಗೇ ಮುಖ ಮಾಡಿದ್ದರು. ನೋಡಿದರು ಅಂತ ಪ್ರಮಾಣ ಮಾಡಿ ಹೇಳಬಲ್ಲೆ. ವ್ಯಾನು ದಾಟಿದ್ದೇ ತಡ, ಸೀದಾ ತಿರುಗಿಸಿಬಿಟ್ಟರು. ಬ್ರೇಕ್ ತುಳಿದೆ, ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಪಕ್ಕಕ್ಕೆ ಎಳೆಯಿತು. ಬೀಳಲಿಲ್ಲ, ಕಾರಿನ ಬಾಗಿಲಿಗೆ ಒಂದು ಗೇಣು ಇದ್ದಾಗ ನಿಂತಿತು. ಅವರು ಇಳಿದು ಬಂದು "ಎಲ್ಲಿಂದ ಬಂದ್ರಿ ನೀವು, ಕಾಣಿಸಲೇ ಇಲ್ವಲ್ಲ" ಅಂದರು. ಸುಳ್ಳು ಹೇಳೋ ಮುಖ ಅಲ್ಲ ಅದು. ಅವರ ಕೈಯೂ ನಡುಗುತ್ತಿತ್ತು.

ಹಾಡುಹಗಲು, ಹೆಡ್‌ಲೈಟ್ ಉರಿಯುತ್ತಿತ್ತು. ಹಾಗಿದ್ದೂ ಕಾಣಿಸಲಿಲ್ಲ ಅಂದ್ರೆ ಏನರ್ಥ? ನಮ್ಮ ಯಜಮಾನರು ಪಳಪಳ ಹೊಳೆಯೋ ಜಾಕೆಟ್ ಹಾಕಿಕೋ ಅಂತಾರೆ. ಆಫೀಸಿನ ಹುಡುಗನೊಬ್ಬ ಸೈಲೆನ್ಸರ್ ಬದಲಾಯಿಸಿ ಅಂತಾನೆ. ಬಹಳ ಓಡಿಸಿದವರು ಯಾರಾದರೂ ಹೇಳಿ.

ಹನ್ನೆರಡುಗಾಲಿ:

ತಂಗೀ, ಆ ಮನುಷ್ಯ ನಿಜವನ್ನೇ ಹೇಳಿದ್ದಾನೆ. ನಿಮ್ಮ ಕಡೆ ತಿರುಗಿದ, ಆದರೆ ನೀವು ಅವನಿಗೆ ಕಾಣಲಿಲ್ಲ. ಎರಡೂ ನಿಜ. ನನ್ನ ಹೊಟ್ಟೆಪಾಡು ಲಾರಿ, ಮನೆಗೆ ಹೋಗೋದು ಬೈಕಿನಲ್ಲಿ. ಎರಡೂ ಸೀಟಿನಿಂದ ನೋಡಿದವನಾಗಿ ಹೇಳ್ತೀನಿ, ಉದ್ದವಾದರೆ ಬೇಜಾರು ಮಾಡಿಕೋಬೇಡಿ.

ಕತ್ತು ಬೇಗ ತಿರುಗಿಸಿ ನೋಡುವಾಗ ಕಣ್ಣು ನುಣ್ಣಗೆ ಜಾರಿಕೊಂಡು ಹೋಗಲ್ಲ. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇನ್ನೊಂದೆಡೆಗೆ ಹಾರುತ್ತೆ. ಹಾರೋ ಹೊತ್ತಿನಲ್ಲಿ ಮಿದುಳು ಚಿತ್ರವನ್ನೇ ತಡೆದಿಟ್ಟು, ನಡುವಿನ ಜಾಗವನ್ನ ತಾನೇ ತುಂಬಿಸಿಕೊಳ್ಳುತ್ತೆ. ಕಾರು, ಬಸ್ಸು ಅಗಲ ಇರೋದರಿಂದ ಎಲ್ಲಾದರೂ ಸಿಕ್ಕಿಬೀಳ್ತವೆ. ಎದುರಿಂದ ನೋಡಿದರೆ ಬೈಕು ಒಂದು ಆಳಿನಷ್ಟು ಅಗಲ. ಎರಡು ಹಾರಾಟದ ಮಧ್ಯೆ ಮಾಯ.

ಕಂಡರೂ ಇನ್ನೊಂದು ತೊಂದರೆ ಇದೆ. ನೇರ ಎದುರಿಗೆ ಬರೋ ವಸ್ತು ಆಚೀಚೆ ಸರಿಯಲ್ಲ, ನಿಂತಲ್ಲೇ ದೊಡ್ಡದಾಗುತ್ತೆ. ಕಾರಾದರೆ ಎರಡು ದೀಪದ ನಡುವಿನ ಅಂತರ ಅಗಲವಾಗೋದು ಕಣ್ಣಿಗೆ ಸಿಗುತ್ತೆ, ಅದರಿಂದ ವೇಗ ಅಂದಾಜಾಗುತ್ತೆ. ಬೈಕಿಗೆ ಒಂದೇ ದೀಪ. ಬಹಳ ಹೊತ್ತು ಚುಕ್ಕೆಯಾಗೇ ಇದ್ದು, ಕೊನೆಗೆ ಒಮ್ಮೆಲೇ ಎದುರಿಗೆ ಬಂದು ನಿಲ್ಲುತ್ತೆ. ಚಿಕ್ಕದಾಗಿ ಕಂಡದ್ದು ದೂರ ಇದೆ, ನಿಧಾನಕ್ಕೆ ಬರ್ತಿದೆ ಅಂತ ಎಲ್ಲರ ತಲೆಯೂ ಲೆಕ್ಕ ಹಾಕುತ್ತೆ. "ಎಲ್ಲಿಂದ ಬಂದ್ರಿ" ಅನ್ನೋ ಮಾತು ಹುಟ್ಟೋದು ಇಲ್ಲೇ.

ಮೂರನೆಯದು ಮುಂದಿನ ಗಾಜಿನ ಅಕ್ಕಪಕ್ಕದ ಕಂಬ. ಹಲವು ಕಾರುಗಳಲ್ಲಿ ಅದರ ಹಿಂದೆ ಸವಾರನ ಸಮೇತ ಇಡೀ ಬೈಕು ಅಡಗುತ್ತೆ. ಅವನ ಗಾಡಿಯೂ ನಿಮ್ಮ ಗಾಡಿಯೂ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಸೇರುವ ಹಾಗೆ ಬರ್ತಿದ್ದರೆ, ಅವನ ಕಣ್ಣಿಗೆ ನೀವು ಇರೋ ಕೋನ ಬದಲಾಗೋದೇ ಇಲ್ಲ. ಒಮ್ಮೆ ಕಂಬದ ಮರೆಗೆ ಹೋದವರು ಗುದ್ದುವವರೆಗೂ ಅಲ್ಲೇ ಇರಬಹುದು.

ನಿಮ್ಮ ವಿಷಯದಲ್ಲಿ ನನಗೆ ಅನುಮಾನ ವ್ಯಾನಿನ ಮೇಲೆ. ತಿರುಗೋಕೆ ಕಾದು ನಿಂತವನು ವ್ಯಾನನ್ನೇ ನೋಡ್ತಿರ್ತಾನೆ, ಇದು ದಾಟಲಿ ನುಗ್ಗೋಣ ಅಂತ. ಅದರ ಬೆನ್ನಿಗೆ ಬೈಕಿದ್ದರೆ ಅವನ ಪಾಲಿಗೆ ಅದು ಖಾಲಿ ಜಾಗ. ಎತ್ತರದ ಗಾಡಿಯ ಹಿಂದೆ ಹೋಗುವಾಗ ಇನ್ನೂ ಹಿಂದಕ್ಕೆ ಸರಿಯಿರಿ, ಲೇನಿನಲ್ಲಿ ಅವನ ಕಣ್ಣು ತಾಗೋ ಬದಿಗೆ ಬನ್ನಿ. ನಿಮಗೆ ಅವನ ಕಾರು ಪೂರ್ತಿ ಕಾಣ್ತಿಲ್ಲ ಅಂದ್ರೆ ಅವನಿಗೂ ನೀವು ಕಾಣ್ತಿಲ್ಲ.

ಇದು ಈಗಿನ ಮಾತಲ್ಲ. 1981ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಅನ್ನೋರ ತಂಡ ಒಂದು ವರದಿ ಕೊಟ್ಟಿತು. ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ತನಿಖೆ ಮಾಡಿದ್ದರು. ಬೈಕಿಗೆ ಇನ್ನೊಂದು ವಾಹನ ಗುದ್ದಿದ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡು ಪಾಲು, ಬೈಕಿನವನಿಗೆ ಸಲ್ಲಬೇಕಾದ ದಾರಿಗೆ ಆ ಕಡೆಯವನು ನುಗ್ಗಿದ್ದ. ಅಪಾಯ ಕಂಡ ಮೇಲೆ ಸವಾರನಿಗೆ ಸಿಗ್ತಿದ್ದ ಸಮಯ ಎರಡು ಸೆಕೆಂಡಿಗೂ ಕಡಿಮೆ. ಆ ಹೊತ್ತಿನಲ್ಲಿ ಬಹಳ ಜನ ಹಿಂದಿನ ಬ್ರೇಕ್ ಜೋರಾಗಿ ತುಳಿದು ಚಕ್ರ ಜಾರಿಸಿದ್ದರು, ಮುಂದಿನದನ್ನ ಸರಿಯಾಗಿ ಬಳಸಿರಲೇ ಇಲ್ಲ. 92 ಪರ್ಸೆಂಟು ಜನ ತಾವೇ ಕಲಿತವರು, ಇಲ್ಲಾ ಮನೆಯವರ, ಸ್ನೇಹಿತರ ಹತ್ತಿರ ಕಲಿತವರು.

ಈಗ ಏನು ಮಾಡೋದು ಅಂತೀರಾ. ಮುಖ ನೋಡೋದು ಬಿಡಿ. ಮುಖ ಮೋಸ ಮಾಡುತ್ತೆ, ಗಾಲಿ ಮಾಡಲ್ಲ. ನಿಂತ ಕಾರಿನ ಮುಂದಿನ ಚಕ್ರದ ಮೇಲ್ಭಾಗ ನೋಡಿ. ಕಾರು ಹೊರಟಾಗ ಚಕ್ರದ ತುದಿ ಕಾರಿನ ಎರಡರಷ್ಟು ವೇಗದಲ್ಲಿ ಮುಂದಕ್ಕೆ ಹೋಗುತ್ತೆ, ಹಾಗಾಗಿ ಬಾಡಿ ಅಲುಗಿದ್ದು ಗೊತ್ತಾಗೋ ಮೊದಲೇ ರಿಮ್ ತಿರುಗಿದ್ದು ಗೊತ್ತಾಗುತ್ತೆ. ಯಾವ ಕಡೆ ವಾಲಿದೆ ಅನ್ನೋದೂ ಅಲ್ಲೇ ಕಾಣುತ್ತೆ. ಕೂಡುರಸ್ತೆ ಬಂತು ಅಂದ್ರೆ ಎಕ್ಸಿಲೇಟರ್ ಬಿಡಿ, ಎರಡು ಬೆರಳು ಮುಂದಿನ ಬ್ರೇಕಿನ ಲಿವರ್ ಮೇಲೆ ಇಟ್ಟುಕೊಳ್ಳಿ. ಲೇನಿನೊಳಗೇ ಸ್ವಲ್ಪ ಆ ಬದಿಗೆ ಸರಿದು ಈ ಬದಿಗೆ ಬನ್ನಿ, ನಯವಾಗಿ. ನಿಂತ ಚುಕ್ಕೆ ಅಲುಗಿದರೆ ಕಣ್ಣು ತಾನಾಗೇ ಅತ್ತ ಹೋಗುತ್ತೆ.

ವೇಗದ ಲೆಕ್ಕ ಒಂದು ಹೇಳಿಬಿಡ್ತೀನಿ. ಗಂಟೆಗೆ 60 ಕಿ.ಮೀ. ಅಂದ್ರೆ ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್. ಕಣ್ಣು ಕಂಡು, ಮನಸ್ಸು ಒಪ್ಪಿ, ಕೈ ಲಿವರ್ ಎಳೆಯೋ ಹೊತ್ತಿಗೆ ಒಂದೂವರೆ ಸೆಕೆಂಡು ಅಂತಿಟ್ಟುಕೊಳ್ಳಿ. ಬ್ರೇಕ್ ಇನ್ನೂ ಹಿಡಿದೇ ಇಲ್ಲ, 25 ಮೀಟರ್ ಹೋಯ್ತು. ಒಣ ರಸ್ತೆಯಲ್ಲಿ ಚೆನ್ನಾಗಿ ಹಿಡಿದರೆ ಇನ್ನೊಂದು 20 ಮೀಟರಿಗೆ ನಿಲ್ಲುತ್ತೆ. ಒಟ್ಟು 45. ಅದೇ ಜಾಗದಲ್ಲಿ ಅದೇ ಕಾರು ಕಂಡಾಗ ನೀವು 80ರಲ್ಲಿ ಇದ್ದಿದ್ದರೆ? 60ರವನು ನಿಂತಿರೋ ಆ 45ನೇ ಮೀಟರಿನಲ್ಲಿ ನೀವು ಇನ್ನೂ 65ರ ಆಸುಪಾಸಿನಲ್ಲಿ ಹೋಗ್ತಾ ಇರ್ತೀರಿ. 20 ಹೆಚ್ಚಿಗೆ ಓಡಿಸಿದ್ದಕ್ಕೆ 20ರಲ್ಲಿ ಗುದ್ದೋದಲ್ಲ, 65ರಲ್ಲಿ ಗುದ್ದೋದು. ಬೆರಳು ಮೊದಲೇ ಲಿವರ್ ಮೇಲಿದ್ದು ಅರ್ಧ ಸೆಕೆಂಡು ಉಳಿದರೆ 60ರಲ್ಲಿ 8 ಮೀಟರ್ ಉಳಿಯಿತು. ಎರಡು ಕಾರು ಒಂದರ ಹಿಂದೊಂದು ನಿಂತಷ್ಟು ಜಾಗ ಅದು.

ಗುಡುಗು:

ಇಷ್ಟೆಲ್ಲಾ ಪುರಾಣ ಯಾಕೆ ಗುರುಗಳೇ. ಜೋರು ಸೈಲೆನ್ಸರ್ ಹಾಕಿಸಿ, ಕಾಣದಿದ್ದರೆ ಕೇಳಿಸುತ್ತೆ. ನನಗಂತೂ ಯಾರೂ ಅಡ್ಡ ಬರಲ್ಲ.

ಹನ್ನೆರಡುಗಾಲಿ:

ಸೈಲೆನ್ಸರಿನ ಬಾಯಿ ಯಾವ ಕಡೆಗಿದೆ ನೋಡಪ್ಪ. ಸದ್ದು ಹೆಚ್ಚಾಗಿ ಹಿಂದಕ್ಕೆ ಹೋಗುತ್ತೆ, ಅಡ್ಡ ಬರೋ ಕಾರು ಮುಂದಿದೆ. ಗಾಜು ಏರಿಸಿ, ಎಸಿ ಹಾಕಿ, ಹಾಡು ಕೇಳ್ತಾ ಕೂತವನಿಗೆ ನೀನು ದಾಟಿ ಹೋದ ಮೇಲೆ ಗುಡುಗು ಕೇಳುತ್ತೆ. ಅದೂ ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ. ಬೈಸಿಕೊಳ್ಳೋದು ಮಾತ್ರ ಬೀದಿಯಲ್ಲಿರೋ ಮಿಕ್ಕ ಬೈಕಿನವರು.

ಜಾಕೆಟ್ ವಿಷಯ ಬೇರೆ. ನ್ಯೂಜಿಲೆಂಡಿನ ಆಕ್ಲೆಂಡ್ ಕಡೆ ಮಾಡಿದ ಒಂದು ಅಧ್ಯಯನ 2004ರಲ್ಲಿ ಬಂತು. ಗಾಯಗೊಂಡ ಸವಾರರನ್ನ, ಅದೇ ರಸ್ತೆಗಳಲ್ಲಿ ಏನೂ ಆಗದೆ ಓಡಾಡ್ತಿದ್ದವರ ಜೊತೆ ಹೋಲಿಸಿ ನೋಡಿದ್ದರು. ಹೊಳೆಯೋ ಬಟ್ಟೆ ಹಾಕಿದವರಿಗೆ ಅಪಾಯ 37 ಪರ್ಸೆಂಟು ಕಡಿಮೆ, ಕಪ್ಪು ಹೆಲ್ಮೆಟ್ಟಿಗೆ ಹೋಲಿಸಿದರೆ ಬಿಳೀ ಹೆಲ್ಮೆಟ್ಟಿಗೆ 24 ಪರ್ಸೆಂಟು ಕಡಿಮೆ. ಅಂಥ ಜಾಕೆಟ್ ಹಾಕೋ ಜನ ಮೊದಲೇ ಜೋಪಾನದವರು ಇರಬಹುದು ಅನ್ನೋ ತಕರಾರು ನನ್ನದೂ ಇದೆ. ಆದರೂ ಹಾಕ್ಕೊಳಿ ತಂಗಿ, ನಷ್ಟವೇನಿಲ್ಲ. ಯಜಮಾನರ ಮಾತು ಒಮ್ಮೊಮ್ಮೆ ಸರಿ ಇರುತ್ತೆ.

ಕಾರುಕುರ್ಚಿ:

ನಾನು ಬೈಕ್ ಓಡಿಸುವವನಲ್ಲ, ಈ ಚರ್ಚೆಯಲ್ಲಿ ಖಳನಾಯಕ ನಾನೇ ಅಂತ ಕಾಣುತ್ತೆ. ಆದರೂ ಒಳಗೆ ಕೂತವರ ಕಡೆಯಿಂದ ಒಂದೆರಡು ಮಾತು.

ಕಂಬದ ಬಗ್ಗೆ ಓದಿದ ಮೇಲೆ ನಿಲ್ಲಿಸಿದ್ದ ಕಾರಿನಲ್ಲಿ ಕೂತು, ತಮ್ಮನನ್ನು ಬೈಕಿನ ಜೊತೆ ಸ್ವಲ್ಪ ದೂರದಲ್ಲಿ ನಿಲ್ಲಿಸಿ ನೋಡಿದೆ. ಹೆಲ್ಮೆಟ್ಟಿನಿಂದ ಟೈರಿನವರೆಗೆ ಏನೂ ಕಾಣಲಿಲ್ಲ. ಅವನು ಕೈ ಅಗಲಿಸಿದಾಗ ಎರಡು ಅಂಗೈ ಮಾತ್ರ ಕಂಬದ ಎರಡೂ ಕಡೆ ಇಣುಕಿದವು. ಬೆನ್ನು ಸೀಟಿನಿಂದ ಎತ್ತಿ ಮುಂದಕ್ಕೆ ಬಾಗಿದರೆ ಪೂರ್ತಿ ಕಾಣುತ್ತಾನೆ. ಈಗ ಪ್ರತಿ ತಿರುವಿನಲ್ಲೂ ಹಾಗೆ ಬಾಗಿ ನೋಡುತ್ತೇನೆ, ಪಕ್ಕದಲ್ಲಿ ಕೂತವರು ನಗುತ್ತಾರೆ.

ಬೈಕಿನವರಲ್ಲಿ ನನ್ನದೊಂದು ದೂರು: ಇಂಡಿಕೇಟರ್. ಕಾರಿನಲ್ಲಿ ಸ್ಟೇರಿಂಗ್ ನೇರವಾದಾಗ ಅದು ತಾನೇ ಆರುತ್ತದೆ. ಹೆಚ್ಚಿನ ಬೈಕುಗಳಲ್ಲಿ ಆರುವುದಿಲ್ಲ. ಹಿಂದಿನ ತಿರುವಿನಲ್ಲಿ ಹಾಕಿದ್ದನ್ನು ಮರೆತು ಮಿಟುಕಿಸುತ್ತಲೇ ಬರುತ್ತಾರೆ. ಪಕ್ಕದ ರಸ್ತೆಯಲ್ಲಿ ಕಾದು ನಿಂತ ನಾನು, ಓಹೋ ಇವರು ಈ ಕಡೆಗೇ ತಿರುಗುತ್ತಾರೆ ಅಂತ ನಂಬಿ ಹೊರಡುತ್ತೇನೆ, ಅವರು ನೇರ ಬರುತ್ತಾರೆ. ಆಮೇಲೆ ಯಾರನ್ನು ಬೈಯಬೇಕು?

ನಮ್ಮವರಿಗೂ ಒಂದು ಮಾತು. ರಸ್ತೆ ಬದಿ ನಿಲ್ಲಿಸಿ ಬಾಗಿಲು ತೆರೆಯುವಾಗ ಬಾಗಿಲ ಪಕ್ಕದ ಕೈಯಿಂದ ತೆರೆಯಬೇಡಿ, ಆಚೆ ಕೈಯಿಂದ ತೆರೆಯಿರಿ. ಮೈ ತಾನಾಗಿಯೇ ತಿರುಗುತ್ತದೆ, ಹಿಂದೆ ಬರುವವರು ಕಾಣುತ್ತಾರೆ.

ಒಂಟಿದೀಪ:

ಎಲ್ಲರಿಗೂ ಧನ್ಯವಾದ. ಕಾರುಕುರ್ಚಿ ಸರ್, ನೀವು ಖಳನಾಯಕ ಅಲ್ಲ, ಬಿಡಿ.

ಹನ್ನೆರಡುಗಾಲಿ ಅಣ್ಣಾ, ಎರಡು ಅನುಮಾನ. ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಎತ್ತಿ ಬಿಸಾಕುತ್ತೆ ಅಂತ ಸ್ಕೂಟರ್ ಕಲಿಸಿದವರು ಹೆದರಿಸಿದ್ದರು, ಅದು ಕೈಯಲ್ಲಿ ಕೂತುಬಿಟ್ಟಿದೆ. ಇನ್ನೊಂದು, ಲಾರಿ ಪಕ್ಕದಲ್ಲಿ ಹೋಗುವಾಗ ನಿಮಗೆ ನಾವು ಎಲ್ಲಿ ಕಾಣ್ತೀವಿ, ಎಲ್ಲಿ ಕಾಣಲ್ಲ?

ಹನ್ನೆರಡುಗಾಲಿ:

ಬ್ರೇಕ್ ಹಿಡಿದಾಗ ಗಾಡಿಯ ಭಾರ, ನಿಮ್ಮ ಭಾರ ಎಲ್ಲಾ ಮುಂದಿನ ಚಕ್ರಕ್ಕೆ ಬರುತ್ತೆ. ಹಿಂದಿನ ಚಕ್ರ ಹಗುರಾಗುತ್ತೆ, ಅದಕ್ಕೇ ತುಳಿದ ಕೂಡಲೇ ಕಚ್ಚಿಕೊಂಡು ಜಾರೋದು. ನಿಲ್ಲಿಸೋ ಶಕ್ತಿ ಬಹುಪಾಲು ಮುಂದೇ ಇದೆ. ಬೀಳಿಸೋದು ಮುಂದಿನ ಬ್ರೇಕಲ್ಲ, ಅದನ್ನ ಗಕ್ಕನೆ ಎಳೆಯೋದು. ಮೊದಲು ಸ್ವಲ್ಪ ಹಿಡಿಯಿರಿ, ಮುಂದಿನ ಚಕ್ರ ಹಿಡಿದಿರೋ ಫೋರ್ಕ್ ಕೆಳಗೆ ಕೂರೋದು ಕೈಗೇ ಗೊತ್ತಾಗುತ್ತೆ, ಟೈರು ನೆಲಕ್ಕೆ ಒತ್ತಿಕೊಳ್ತು ಅಂತ ಅರ್ಥ. ಆಮೇಲೆ ಹಿಂಡಿ, ಎಷ್ಟು ಬೇಕೋ ಅಷ್ಟು. ಹಿಂದಿನದನ್ನ ಜೊತೆಗೆ ಮೆಲ್ಲಗೆ. ಗಾಡಿ ನೆಟ್ಟಗಿರಬೇಕು, ವಾಲಿದಾಗ ಇದು ನಡೆಯಲ್ಲ. ಎಬಿಎಸ್, ಅಂದ್ರೆ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ತಡೆಯೋ ವ್ಯವಸ್ಥೆ, ಇದ್ದರೆ ಲಿವರ್ ಕೈಯಲ್ಲಿ ಟಕಟಕ ಹೊಡೆಯುತ್ತೆ, ಹೆದರಿ ಬಿಡಬೇಡಿ, ಅದು ಅದರ ಕೆಲಸ ಮಾಡ್ತಿದೆ. ಇಲ್ಲದಿದ್ದರೆ, ಮುಂದಿನ ಚಕ್ರ ಕಚ್ಚಿದ್ದು ಗೊತ್ತಾದ ತಕ್ಷಣ ಬಿಟ್ಟು ಮತ್ತೆ ಹಿಡಿಯಿರಿ. ಹಿಂದಿನದು ಕಚ್ಚಿ ಗಾಡಿ ಅಡ್ಡಡ್ಡ ಹೋಗ್ತಿದ್ದರೆ ಮಾತ್ರ ಪಕ್ಕನೆ ಬಿಡಬೇಡಿ. ಚಕ್ರ ಹಿಡಿತಕ್ಕೆ ಬಂದು ಗಾಡಿ ಒಮ್ಮೆಲೇ ನೆಟ್ಟಗಾಗುತ್ತೆ, ಸವಾರನನ್ನ ಆಚೆಗೆ ಎಸೆಯುತ್ತೆ.

ಖಾಲಿ ಮೈದಾನ, ಒಣ ಡಾಂಬರು, 20-30ರ ವೇಗ. ಅಲ್ಲಿ ಶುರು ಮಾಡಿ. ಹೆದರಿಕೆ ಕೈಯಲ್ಲಿ ಕೂತಿದೆ ಅಂದ್ರಲ್ಲ, ಓದಿದರೆ ಇಳಿಯಲ್ಲ. ಕಲಿಸೋರು ಸಿಕ್ಕರೆ ಇನ್ನೂ ಒಳ್ಳೇದು.

ಇನ್ನು ಲಾರಿ. ಇದನ್ನ ಎಷ್ಟು ಹೇಳಿದರೂ ಕಡಿಮೆ. ನಾನು ಕೂರೋದು ಎತ್ತರದಲ್ಲಿ, ಜನ ಅಂದುಕೊಳ್ಳೋದು ಎಲ್ಲಾ ಕಾಣುತ್ತೆ ಅಂತ. ದೂರದ್ದು ಕಾಣುತ್ತೆ. ಬುಡದ್ದು ಕಾಣಲ್ಲ. ಸಿಗ್ನಲ್ಲಿನಲ್ಲಿ ನುಸುಳಿಕೊಂಡು ಬಂದು ನನ್ನ ಬಂಪರಿಗೆ ಒರಗಿದಂತೆ ನಿಂತರೆ ನಿಮ್ಮ ಹೆಲ್ಮೆಟ್ ಕೂಡ ನನ್ನ ಗಾಜಿನ ಕೆಳಗೆ ಇರುತ್ತೆ. ಹಸಿರು ಬಿದ್ದಾಗ ನೀವು ಮೊದಲು ಹೊರಟರೆ ಸರಿ. ನಿಮ್ಮ ಗಾಡಿ ಆಫ್ ಆಯಿತು ಅಂದ್ರೆ? ಹಿಂದೆ ಟ್ರೇಲರಿನ ಬೆನ್ನಿಗೆ ಅಂಟಿಕೊಂಡು ಬಂದರೆ ನೀವು ನನ್ನ ಪಾಲಿಗೆ ಇಲ್ಲವೇ ಇಲ್ಲ. ನನ್ನ ಸೀಟಿನ ಆಚೆ ಬದಿ ಇನ್ನೂ ಕೆಟ್ಟದ್ದು, ಬಾಗಿಲಿನಿಂದ ಹಿಂದಕ್ಕೆ ಬಹಳ ದೂರ ಕತ್ತಲು. ಕನ್ನಡಿಯಲ್ಲಿ ನನ್ನ ಮುಖ ಕಾಣಿಸಿದರೆ ನಾನು ನಿಮ್ಮನ್ನ ನೋಡೋ ಸಾಧ್ಯತೆ ಇದೆ. ಸಾಧ್ಯತೆ ಅಷ್ಟೇ. ಮುಖ ಕಾಣದಿದ್ದರೆ ಅದೂ ಇಲ್ಲ.

ಜನ ಸಾಯೋದು ತಿರುವಿನಲ್ಲಿ. ಉದ್ದದ ಗಾಡಿ ತಿರುಗಬೇಕಾದರೆ ಮೂತಿಯನ್ನ ಮೊದಲು ಹೊರಕ್ಕೆ ಒಯ್ಯಬೇಕು. ಆಗ ತಿರುಗೋ ಒಳಬದಿಯಲ್ಲಿ ಲಾರಿಗೂ ರಸ್ತೆಯಂಚಿಗೂ ನಡುವೆ ಅಗಲವಾದ ಜಾಗ ಬಿಡುತ್ತೆ. ಬೈಕಿನವರಿಗೆ ಅದು ದಾರಿ ಬಿಟ್ಟ ಹಾಗೆ ಕಾಣುತ್ತೆ, ನುಗ್ಗುತ್ತಾರೆ. ಹಿಂದಿನ ಗಾಲಿಗಳು ಮುಂದಿನವು ಹೋದ ದಾರಿಯಲ್ಲಿ ಬರಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರ್ತವೆ, ಆ ಜಾಗ ಮುಚ್ಚಿಕೊಳ್ಳುತ್ತೆ. ನಾನು ಆಗ ನೋಡ್ತಿರೋದು ಮೂತಿ ಎಲ್ಲಿಗಾದರೂ ತಾಗುತ್ತಾ ಅಂತ. ಒಳಬದಿಯ ಕನ್ನಡಿಯಲ್ಲಿ ಬರೀ ಟ್ರೇಲರಿನ ತಗಡು. ಲಾರಿ ನಿಧಾನ ಮಾಡಿ ಒಂದು ಬದಿಗೆ ಎಳೆದರೆ, ಇಂಡಿಕೇಟರ್ ಇರಲಿ ಬಿಡಲಿ, ಇನ್ನೊಂದು ಬದಿಯಿಂದ ನುಗ್ಗಬೇಡಿ. ಹಿಂದೆ ನಿಂತು, ಬಾಲ ಪೂರ್ತಿ ತಿರುಗಿ ಹೋಗಲಿ.

ಓವರ್‌ಟೇಕ್ ಮಾಡುವಾಗ ಪಕ್ಕದಲ್ಲಿ ಜೊತೆಗೂಡಿ ಹೋಗೋದು ಬೇಡ, ಬೇಗ ದಾಟಿ. ಕ್ಯಾಬಿನ್ ದಾಟಿದ ಕೂಡಲೇ ಗಾಳಿ ಪಕ್ಕದಿಂದ ಹೊಡೆಯುತ್ತೆ, ಹ್ಯಾಂಡಲ್ ಬಿಗಿಯಾಗಿ ಅಲ್ಲ, ಸಡಿಲವಾಗಿ ಹಿಡಿದಿರಿ. ಮುಂದೆ ಬಂದ ಮೇಲೆ ತಕ್ಷಣ ನನ್ನ ಮೂತಿಯ ಕೆಳಗೆ ತೂರಬೇಡಿ. ತುಂಬಿದ ಲಾರಿ ನಿಮ್ಮ ಹಾಗೆ ನಿಲ್ಲಲ್ಲ.

ಗುಡುಗು:

ತಿರುವಿನ ವಿಷಯ ಗೊತ್ತಿರಲಿಲ್ಲ. ಒಳಗಿಂದ ನುಗ್ಗೋದು ನಮ್ಮಲ್ಲಿ ಎಲ್ಲರೂ ಮಾಡ್ತಾರೆ. ಸೈಲೆನ್ಸರ್ ಮಾತ್ರ ತೆಗೆಯಲ್ಲ.

ಕಾರುಕುರ್ಚಿ:

ಒಂದು ಕೇಳುವುದು ಬಿಟ್ಟುಹೋಯಿತು. ಟ್ರಾಫಿಕ್ಕಿನಲ್ಲಿ ನಿಂತಿರುವಾಗ ಬೈಕಿನವರು ಅಡ್ಡ ದಾಟಲು ಕಾಯುತ್ತಿದ್ದರೆ ನಾನು ಹೆಡ್‌ಲೈಟ್ ಮಿಟುಕಿಸಿ, ಕೈ ಬೀಸಿ ದಾರಿ ಬಿಡುತ್ತೇನೆ. ಒಳ್ಳೆಯದೇ ಅಲ್ಲವೇ?

ಹನ್ನೆರಡುಗಾಲಿ:

ಮನಸ್ಸು ಒಳ್ಳೇದು ಸಾರ್. ಹೆಡ್‌ಲೈಟ್ ಮಿಟುಕಿಸಿದರೆ ಒಬ್ಬನಿಗೆ "ನೀನು ಹೋಗು" ಅಂತ, ಇನ್ನೊಬ್ಬನಿಗೆ "ನಾನು ಬರ್ತಿದ್ದೀನಿ, ನಿಲ್ಲು" ಅಂತ. ಎರಡಕ್ಕೂ ಒಂದೇ ದೀಪ. ಕೈ ಬೀಸೋದು ಇನ್ನೂ ಅಪಾಯ. ನೀವು ನಿಂತಿದ್ದೀರಿ, ನಿಮ್ಮ ಪಕ್ಕದ ಲೇನಿನಲ್ಲಿ ಬರ್ತಿರೋನು ನಿಂತಿಲ್ಲ. ಅವನಿಗೆ ನಿಮ್ಮ ಕಾರಿನ ಮರೆಯಲ್ಲಿರೋ ಬೈಕು ಕಾಣಲ್ಲ, ಬೈಕಿನವನು ನಿಮ್ಮ ಕೈ ನಂಬಿಕೊಂಡು ಅವನ ಮುಂದಕ್ಕೇ ಹೋಗ್ತಾನೆ. ನಾನು ಲಾರಿಯಲ್ಲಿ ಕೂತು ಯಾರಿಗೂ ಕೈ ಬೀಸಲ್ಲ. ಜಾಗ ಬಿಟ್ಟು ನಿಲ್ಲಿಸ್ತೀನಿ. ಆಚೆ ಲೇನು ಖಾಲಿ ಇದೆಯಾ ಅಂತ ಇಣುಕಿ ನೋಡಿ ಹೊರಡೋದು ಅವರ ಕೆಲಸ, ಎಷ್ಟು ಹೊತ್ತು ಬೇಕಾದರೂ ತಗೊಳ್ಳಲಿ. ಹಿಂದಿನವರು ಹಾರನ್ ಹೊಡೀತಾರೆ, ಹೊಡೀಲಿ.